ರೋಮಿಯೋ ಜೂಲಿಯೆಟ್: ಗುಟ್ಟಿನ ಮದುವೆಯ ದೃಶ್ಯದಲ್ಲಿ ಮುನ್ಸೂಚನೆ ಹಿಡಿಯುವ, ಬರೆಯುವ ಕ್ರಮ

ಶೇಕ್ಸ್‌ಪಿಯರ್‌ನ ‘ರೋಮಿಯೋ ಅಂಡ್ ಜೂಲಿಯೆಟ್’ ಓದುವವರು ಒಂದು ಪ್ರಶ್ನೆಯಲ್ಲಿ ಪದೇಪದೇ ಎಡವುತ್ತಾರೆ: ಗುಟ್ಟಿನ ಮದುವೆಯ ದೃಶ್ಯದಲ್ಲಿ ಮುನ್ಸೂಚನೆ ಹೇಗೆ ಕೆಲಸ ಮಾಡಿದೆ? ಹಗೆ ಸಾಧಿಸುವ ಎರಡು ಮನೆಗಳ ಮಕ್ಕಳು, ಮಾಂಟೆಗ್ಯೂ ಮನೆಯ ರೋಮಿಯೋ ಮತ್ತು ಕ್ಯಾಪುಲೆಟ್ ಮನೆಯ ಜೂಲಿಯೆಟ್, ಪಾದ್ರಿ ಲಾರೆನ್ಸ್‌ನ ಕೈಯಿಂದ ಕದ್ದು ಮದುವೆಯಾಗುವ ದೃಶ್ಯ ಅದು. ಮುನ್ಸೂಚನೆ ಎಂದರೆ ಮುಂದೆ ಆಗುವುದಕ್ಕೆ ಮೊದಲೇ ಬಿತ್ತಿದ ಸುಳಿವು. ನಾನು ತಿದ್ದಿದ ಉತ್ತರಗಳಲ್ಲಿ ಹೆಚ್ಚಿನವು ಒಂದೇ ಜಾಡಿನವು. ಅರ್ಧ ಪುಟ ಕಥೆ, ಆಮೇಲೆ ಪಾದ್ರಿಯ ಒಂದು ಮಾತು, ಅದರ ಬೆನ್ನಿಗೆ ‘ಇದು ಮುಂದಿನ ಸಾವಿನ ಮುನ್ಸೂಚನೆ’ ಎಂಬ ವಾಕ್ಯ. ಅಲ್ಲಿಗೆ ಮುಗಿಯಿತು. ಯಾವ ಸಾವು, ಎಲ್ಲಿ, ಆ ಮಾತಿಗೂ ಈ ಸಾವಿಗೂ ಏನು ನಂಟು ಎಂಬುದು ಬರುವುದೇ ಇಲ್ಲ.

ಎಡವಟ್ಟಾಗುವುದು ಕೆಲಸದ ಕ್ರಮದಲ್ಲಿ. ಮುನ್ಸೂಚನೆಗೆ ಎರಡು ಜಾಗ ಬೇಕು: ಮಾತು ಬಿತ್ತಿದ ಜಾಗ, ಅದು ಫಲ ಕೊಟ್ಟ ಜಾಗ. ಎರಡನೆಯದು ಕೈಯಲ್ಲಿಲ್ಲದೆ ಮೊದಲನೆಯದನ್ನು ಹುಡುಕಲು ಹೊರಟರೆ, ಕತ್ತಲು, ರಕ್ತ, ಗೋರಿ ಎಂದು ಕಂಡದ್ದಕ್ಕೆಲ್ಲ ಗೆರೆ ಎಳೆಯುತ್ತ ಕೂರಬೇಕಾಗುತ್ತದೆ. ಅದಕ್ಕೇ ಕೆಳಗಿನ ಕ್ರಮ ನಾಟಕದ ಕೊನೆಯಿಂದ ಶುರುವಾಗುತ್ತದೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ.

## ಮೊದಲು ಹೊಂದಿಸಿಕೊಳ್ಳಬೇಕಾದದ್ದು

ಸಾಲುಸಂಖ್ಯೆ ಇರುವ ಮೂಲ ಪಠ್ಯ ಬೇಕೇ ಬೇಕು. ಗೈಡಿನಲ್ಲಿ ಕಥೆ ಸಿಗುತ್ತದೆ, ಪದ ಸಿಗುವುದಿಲ್ಲ. ಈ ಪ್ರಶ್ನೆ ನಿಂತಿರುವುದೇ ಪದಗಳ ಮೇಲೆ. ಇಂಗ್ಲಿಷ್ ಕಷ್ಟವಾದರೆ ಕನ್ನಡ ಅನುವಾದವನ್ನು ಪಕ್ಕದಲ್ಲಿಟ್ಟುಕೊಳ್ಳಿ, ಆದರೆ ಗೆರೆ ಎಳೆಯುವುದು ಮೂಲದಲ್ಲೇ ಇರಲಿ. ಸಾಲುಸಂಖ್ಯೆ ಒಂದು ಮುದ್ರಣದಿಂದ ಇನ್ನೊಂದಕ್ಕೆ ಬೇರೆಯಾಗುವುದರಿಂದ ಕೊನೆಯವರೆಗೂ ಒಂದೇ ಪುಸ್ತಕ ಹಿಡಿಯಿರಿ.

ಜೊತೆಗೆ ಎರಡು ಬಣ್ಣದ ಪೆನ್ಸಿಲ್, ಮತ್ತು ಮೂರು ಕಾಲಂ ಎಳೆದ ಎರಡು ಹಾಳೆ. ಕಾಲಂಗಳಿಗೆ ‘ಮೊದಲ ಜಾಗ’, ‘ಎರಡನೇ ಜಾಗ’, ‘ನಡುವೆ ಏನಾಯಿತು’ ಎಂದು ತಲೆಬರಹ ಕೊಡಿ. ಮೂರನೆಯದನ್ನು ಅಗಲವಾಗಿ ಬಿಡಿ. ಉತ್ತರದ ಜೀವ ಇರುವುದು ಅಲ್ಲಿ.

## ಹಂತ 1: ಗೋರಿಯಿಂದ ಶುರು ಮಾಡಿ

5ನೇ ಅಂಕದ 3ನೇ ದೃಶ್ಯ ತೆರೆಯಿರಿ. ಕೊನೆಯನ್ನು ಮೊದಲೇ ಓದಿದರೆ ಸ್ವಾರಸ್ಯ ಕೆಡುತ್ತದೆಂದು ಹಿಂಜರಿಯಬೇಡಿ. ಪ್ರಸ್ತಾವನೆಯ 14 ಸಾಲಿನ ಸುನೀತವೇ ಈ ಪ್ರೇಮಿಗಳು ಸಾಯುತ್ತಾರೆ, ಅವರ ಸಾವಿನಿಂದಲೇ ತಂದೆ ತಾಯಿಯರ ಜಗಳ ಮಣ್ಣಾಗುತ್ತದೆ ಎಂದು ಹೇಳಿಬಿಟ್ಟಿದೆ. ನಾಟಕದ ಉದ್ದಕ್ಕೂ ಪ್ರೇಕ್ಷಕರಿಗೆ ಕೊನೆ ಗೊತ್ತು, ಪಾತ್ರಗಳಿಗೆ ಗೊತ್ತಿಲ್ಲ. ನೀವೂ ಪ್ರೇಕ್ಷಕರ ಸಾಲಿನಲ್ಲೇ ಕೂತು ಓದಬೇಕು.

ಈ ದೃಶ್ಯದಲ್ಲಿ ಕಣ್ಣಿಗೆ ಬೀಳುವ ವಸ್ತು ಮತ್ತು ಕ್ರಿಯೆಗಳನ್ನು ‘ಎರಡನೇ ಜಾಗ’ದ ಕಾಲಮ್ಮಿನಲ್ಲಿ ಒಂದೊಂದಾಗಿ ಬರೆಯಿರಿ. ವಿಷ ಕುಡಿದು ಜೂಲಿಯೆಟ್‌ಗೆ ಮುತ್ತಿಡುತ್ತ ಸಾಯುವ ರೋಮಿಯೋ. ಅವನ ತುಟಿಯಲ್ಲಿ ಒಂದು ಹನಿ ವಿಷ ಉಳಿದಿರಬಹುದೆಂದು ಮುತ್ತಿಟ್ಟು, ತುಟಿ ಇನ್ನೂ ಬೆಚ್ಚಗಿರುವುದನ್ನು ಕಾಣುವ ಜೂಲಿಯೆಟ್. ಕಠಾರಿ. ಕತ್ತಲಲ್ಲಿ ಗೋರಿಗಳಿಗೆ ಎಡವುತ್ತ ಬರುವ ಪಾದ್ರಿ ಲಾರೆನ್ಸ್. ತಲುಪದೆ ಹೋದ ಪತ್ರ. ಹೆಣಗಳ ನಡುವೆ ಕೈ ಚಾಚುವ ಇಬ್ಬರು ತಂದೆಯರು. ಪಾದ್ರಿಯ ತಪ್ಪೊಪ್ಪಿಗೆಯಲ್ಲಿ ಬರುವ ಮಾತನ್ನೂ ಸೇರಿಸಿ: ಅವರು ಕದ್ದು ಮದುವೆಯಾದ ದಿನವೇ ಜೂಲಿಯೆಟ್‌ಳ ಸೋದರಸಂಬಂಧಿ ಟಿಬಾಲ್ಟನ ಕೊನೆಯ ದಿನ.

ಇಲ್ಲಿ ಆಗುವ ತಪ್ಪು: ‘ಇಬ್ಬರೂ ಸತ್ತರು’ ಎಂದಷ್ಟೇ ಬರೆದುಕೊಂಡು ಮುಂದೆ ಹೋಗುವುದು. ಸಾವು ತೀರಾ ದೊಡ್ಡ ಪದ, ಅದಕ್ಕೆ ನಾಟಕದ ಯಾವ ಸಾಲನ್ನು ಬೇಕಾದರೂ ಕಟ್ಟಬಹುದು. ಮುತ್ತು, ಎಡವುವಿಕೆ, ಪತ್ರ ಹಾಗಲ್ಲ. ಅವಕ್ಕೆ ಸರಿಯಾದ ಸಾಲೇ ಬೇಕು.

## ಹಂತ 2: ಐದು ದಿನಗಳ ಪಟ್ಟಿ ಹಾಕಿ

ಈ ಹಂತ ಹತ್ತು ನಿಮಿಷದ್ದು, ಆದರೆ ಬಿಟ್ಟರೆ ಮುಂದಿನದೆಲ್ಲ ಸಡಿಲವಾಗುತ್ತದೆ. ಭಾನುವಾರ ಬೆಳಿಗ್ಗೆ ಬೀದಿ ಜಗಳ, ರಾತ್ರಿ ಕ್ಯಾಪುಲೆಟ್ ಮನೆಯ ಔತಣ, ತೋಟದ ಮಾತುಕತೆ. ಸೋಮವಾರ ಬೆಳಿಗ್ಗೆ 9ಕ್ಕೆ ಜೂಲಿಯೆಟ್ ತನ್ನ ದಾದಿಯನ್ನು ರೋಮಿಯೋ ಬಳಿ ಕಳಿಸುವುದು, ಅವಳು ಮರಳುವಾಗ ಮಧ್ಯಾಹ್ನ 12, ಆಮೇಲೆ ಮದುವೆ. ಅದೇ ಮಧ್ಯಾಹ್ನ ರೋಮಿಯೋನ ಗೆಳೆಯ ಮರ್ಕ್ಯುಶಿಯೋ, ಟಿಬಾಲ್ಟ್ ಇಬ್ಬರ ಸಾವು. ಮಂಗಳವಾರ ನಸುಕಿಗೆ ಗಂಡ ಹೆಂಡತಿ ಅಗಲುತ್ತಾರೆ. ರಾತ್ರಿ ಜೂಲಿಯೆಟ್, ಪಾದ್ರಿ ಕೊಟ್ಟ, ಕೆಲಕಾಲ ಹೆಣದಂತೆ ಮಲಗಿಸುವ ಔಷಧಿ ಕುಡಿಯುತ್ತಾಳೆ. ಬುಧವಾರ, ತಂದೆ ಗೊತ್ತುಮಾಡಿದ ವರ ಪ್ಯಾರಿಸ್‌ನೊಂದಿಗಿನ ಮದುವೆಮನೆ ಸೂತಕದ ಮನೆಯಾಗುತ್ತದೆ. ಗುರುವಾರ ಬೆಳಕು ಹರಿಯುವಾಗ ಎಲ್ಲ ಮುಗಿದಿರುತ್ತದೆ.

ಪಟ್ಟಿಯಲ್ಲಿ ಮದುವೆ ಮತ್ತು ಕೊಲೆಗಳ ನಡುವಿನ ಅಂತರಕ್ಕೆ ಸುತ್ತು ಹಾಕಿ. ಟಿಬಾಲ್ಟ್ ತನಗೆ ನಂಟನಾಗಿ ಒಂದು ಗಂಟೆಯಾಯಿತಷ್ಟೇ ಎಂದು ರೋಮಿಯೋನೇ 3.1ರಲ್ಲಿ (3ನೇ ಅಂಕ, 1ನೇ ದೃಶ್ಯ) ಹೇಳುತ್ತಾನೆ. ಮುನ್ಸೂಚನೆಯ ಮೊದಲ ಫಲ ಗೋರಿಯವರೆಗೆ ಕಾಯುವುದಿಲ್ಲ, ಒಂದು ಗಂಟೆಯೊಳಗೆ ಬೀದಿಯಲ್ಲಿ ಬೀಳುತ್ತದೆ.

## ಹಂತ 3: ಮದುವೆಯ ದೃಶ್ಯವನ್ನು ನಾಲ್ಕು ಕಡೆ ನಿಂತು ಓದಿ

ಈಗ 2.6ಕ್ಕೆ ಬನ್ನಿ. 40 ಸಾಲಿಗೂ ಕಡಿಮೆ ಇರುವ ದೃಶ್ಯ. ಜೋರಾಗಿ ಓದಿ, ನಾಲ್ಕು ಕಡೆ ನಿಲ್ಲಿ.

ಮೊದಲ ನಿಲುಗಡೆ, ಪಾದ್ರಿಯ ಪ್ರಾರ್ಥನೆ. ಈ ಪವಿತ್ರ ಕಾರ್ಯವನ್ನು ಕಂಡು ಸ್ವರ್ಗ ನಸುನಗಲಿ, ಮುಂದಿನ ಗಳಿಗೆಗಳು ದುಃಖ ತಂದು ನಮ್ಮನ್ನು ಗದರಿಸದಿರಲಿ ಎಂದು ಅವನು ಬೇಡುತ್ತಾನೆ. ‘ನಮ್ಮನ್ನು’ ಎಂಬುದಕ್ಕೆ ಗೆರೆ ಎಳೆಯಿರಿ. ಮದುವೆ ಮಾಡಿಸುವವನು ತನ್ನನ್ನೂ ಸೇರಿಸಿಕೊಂಡು ಅಂಜುತ್ತಿದ್ದಾನೆ. ಕೊನೆಯಲ್ಲಿ ರಾಜನ ಎದುರು ನಿಂತು ಲೆಕ್ಕ ಒಪ್ಪಿಸುವವನೂ ಅವನೇ.

ಎರಡನೆಯದು, ರೋಮಿಯೋನ ಸವಾಲು. ನೀವು ಕೈ ಕೂಡಿಸಿಬಿಡಿ, ಪ್ರೀತಿಯನ್ನು ನುಂಗುವ ಸಾವು ಏನು ಬೇಕಾದರೂ ಮಾಡಿಕೊಳ್ಳಲಿ, ಅವಳನ್ನು ನನ್ನವಳು ಎಂದು ಕರೆದರೆ ಸಾಕು ಎನ್ನುತ್ತಾನೆ. ಸಾವಿನ ಹೆಸರು ಹೇಳಿ ಕರೆದ ಎಂದು ಮಾತ್ರ ಬರೆಯಬೇಡಿ. ಅವನು ಬೇಡಿದ ಅಳತೆಯನ್ನು ಗಮನಿಸಿ: ಕರೆದರೆ ಸಾಕು. ಅವನಿಗೆ ದಕ್ಕಿದ್ದೂ ಅದಕ್ಕಿಂತ ಸ್ವಲ್ಪವೇ ಹೆಚ್ಚು, ಒಂದೇ ಒಂದು ರಾತ್ರಿ. ಈ ದೃಶ್ಯದಲ್ಲಿ ನನ್ನನ್ನು ಪ್ರತಿ ಸಲವೂ ತಡೆದು ನಿಲ್ಲಿಸುವ ಸಾಲು ಇದು.

ಮೂರನೆಯದು, ಪಾದ್ರಿಯ ಎಚ್ಚರಿಕೆ. ಉಗ್ರ ಸುಖಗಳಿಗೆ ಉಗ್ರ ಕೊನೆಯೇ. ಬೆಂಕಿ ಮತ್ತು ಸಿಡಿಮದ್ದು ಮುತ್ತಿಟ್ಟ ಕ್ಷಣವೇ ಉರಿದು ಹೋಗುವಂತೆ ಅವು ಗೆಲುವಿನಲ್ಲೇ ಸಾಯುತ್ತವೆ. ಇದಕ್ಕೆ ಒಂದು ಹಂತವೇ ಬೇಕು, ಮುಂದೆ ಬರುತ್ತದೆ.

ನಾಲ್ಕನೆಯದು, ಕಾಣದ ಮದುವೆ. ಚರ್ಚು ಇಬ್ಬರನ್ನು ಒಂದಾಗಿಸುವವರೆಗೆ ನಿಮ್ಮನ್ನು ಒಂಟಿಯಾಗಿ ಬಿಡುವುದಿಲ್ಲ ಎಂದು ಹೇಳಿ ಪಾದ್ರಿ ಇಬ್ಬರನ್ನೂ ಒಳಗೆ ಕರೆದೊಯ್ಯುತ್ತಾನೆ. ರಂಗ ಖಾಲಿ. ಉಂಗುರ, ವಚನ, ಹರಕೆ ಯಾವುದೂ ಕಾಣುವುದಿಲ್ಲ. ತಕ್ಷಣ ಕಾಣುವುದು ಬಿಸಿಲಿನ ಬೀದಿ, ಹೊರಗೆ ಕ್ಯಾಪುಲೆಟ್‌ಗಳು ತಿರುಗಾಡುತ್ತಿದ್ದಾರೆ, ಮನೆಗೆ ಹೋಗೋಣ ಎಂದು ಗೋಗರೆಯುವ ರೋಮಿಯೋನ ಬಂಧು ಬೆನ್ವೋಲಿಯೋ. ಊರಿಗೆ ಕಾಣದ ಮದುವೆಯನ್ನು ನಾಟಕ ನಮಗೂ ತೋರಿಸದೆ ಬೀದಿಗೆ ತಳ್ಳುತ್ತದೆ. ಉತ್ತರದಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಅಂಶ ಇದೇ.

ನಮ್ಮ ಓದುಗರು ಮಾಡುವ ಒಂದು ತಪ್ಪನ್ನು ಇಲ್ಲೇ ಹೇಳಬೇಕು. ಶಕುಂತಲೆಯ ನೆನಪಿನಲ್ಲಿ ಇದನ್ನು ಗಾಂಧರ್ವ ವಿವಾಹ ಎಂದು ಬರೆಯುತ್ತಾರೆ. ಗಾಂಧರ್ವಕ್ಕೆ ಪುರೋಹಿತ ಬೇಡ, ಒಪ್ಪಿಗೆ ಸಾಕು. ಇಲ್ಲಿ ಪಾದ್ರಿ ಇಲ್ಲದೆ ಮದುವೆಯೇ ಇಲ್ಲ. ಅದು ದೇವರೆದುರು ನಡೆದ, ಬಿಡಿಸಲಾಗದ ಮದುವೆ ಆಗಿರುವುದರಿಂದಲೇ ಪ್ಯಾರಿಸ್‌ನನ್ನು ಕಟ್ಟಿಕೊಳ್ಳೆಂದಾಗ ಜೂಲಿಯೆಟ್‌ಗೆ ದಾರಿ ಮುಚ್ಚುತ್ತದೆ. ಗಂಡ ಭೂಮಿಯ ಮೇಲಿದ್ದಾನೆ, ಕೊಟ್ಟ ಮಾತು ಸ್ವರ್ಗದಲ್ಲಿದೆ ಎಂದು ಅವಳು 3.5ರಲ್ಲಿ ದಾದಿಯೆದುರು ಅಳುವುದು ಇದಕ್ಕೇ. ಗಾಂಧರ್ವ ಎಂದು ಹೆಸರಿಟ್ಟರೆ ಈ ಕುಣಿಕೆಯೇ ಕಳಚಿಹೋಗುತ್ತದೆ.

## ಹಂತ 4: ಒಂದು ಪ್ರತಿಮೆಯ ಜಾಡು ಹಿಡಿದು ಕೊನೆಯವರೆಗೆ ಹೋಗಿ

ಹತ್ತು ಪ್ರತಿಮೆಗಳನ್ನು, ಎಂದರೆ ಮಾತು ಕಟ್ಟುವ ಚಿತ್ರಗಳನ್ನು, ಮೇಲೆ ಮೇಲೆ ಮುಟ್ಟುವುದಕ್ಕಿಂತ ಒಂದನ್ನು ಪೂರ್ತಿ ಹಿಂಬಾಲಿಸುವುದು ಲೇಸು. ಮದ್ದನ್ನೇ ತೆಗೆದುಕೊಳ್ಳಿ, ಬಂದೂಕಿಗೆ ತುಂಬುವ ಮದ್ದು.

ಮೊದಲ ಸಲ 2.6ರಲ್ಲಿ: ಬೆಂಕಿ, ಮದ್ದು, ಮುತ್ತು, ಉರಿದುಹೋಗುವುದು. ಎರಡನೇ ಸಲ 3.3ರಲ್ಲಿ: ಟಿಬಾಲ್ಟನನ್ನು ಕೊಂದು ಗಡೀಪಾರಾದ ರೋಮಿಯೋ ನೆಲಕ್ಕೆ ಬಿದ್ದು ಅತ್ತು, ತನ್ನನ್ನೇ ಇರಿದುಕೊಳ್ಳಲು ಹೊರಟಾಗ ಪಾದ್ರಿ ಬೈಯುತ್ತಾನೆ, ನಿನ್ನ ಬುದ್ಧಿ ಪಳಗದ ಸಿಪಾಯಿಯ ಕುಪ್ಪಿಯಲ್ಲಿನ ಮದ್ದಿನಂತೆ ನಿನ್ನ ಅಜ್ಞಾನದಿಂದಲೇ ಹೊತ್ತಿಕೊಳ್ಳುತ್ತಿದೆ ಎಂದು. ಮೂರನೇ ಸಲ 5.1ರಲ್ಲಿ: ಮ್ಯಾಂಟುವಾದ ಬಡ ಔಷಧಿ ವ್ಯಾಪಾರಿಗೆ 40 ಡ್ಯುಕಟ್ (ಚಿನ್ನದ ನಾಣ್ಯ) ಕೊಟ್ಟು ರೋಮಿಯೋ ವಿಷ ಕೇಳುತ್ತಾನೆ. ಎಂಥ ವಿಷ? ಕಿಡಿ ತಾಗಿದ ಮದ್ದು ತೋಪಿನ ಹೊಟ್ಟೆಯಿಂದ ಹೊರನುಗ್ಗುವಷ್ಟು ಬಿರುಸಾಗಿ ಉಸಿರನ್ನು ಹೊರದಬ್ಬುವಂಥದ್ದು. ಆ ವಿಷ ಕುಡಿದು, 5.3ರಲ್ಲಿ, ಮುತ್ತಿನೊಂದಿಗೆ ಸಾಯುತ್ತಾನೆ.

ಜಾಡು ಎಲ್ಲಿಂದ ಎಲ್ಲಿಗೆ ಬಂತು ನೋಡಿ. 2.6ರಲ್ಲಿ ಮದ್ದು ಪಾದ್ರಿಯ ಬಾಯಿಯ ಹೋಲಿಕೆ. 3.3ರಲ್ಲಿ ಅದು ರೋಮಿಯೋನ ಸ್ವಭಾವಕ್ಕೆ ಹತ್ತುತ್ತದೆ. 5.1ರಲ್ಲಿ ರೋಮಿಯೋ ತಾನೇ ಅದೇ ಹೋಲಿಕೆಯನ್ನು ಆಡುತ್ತಾನೆ, ಅದೂ ಕೊಳ್ಳುವ ಸರಕಿಗೆ. 5.3ರಲ್ಲಿ ಹೋಲಿಕೆಯ ಉಳಿದರ್ಧ, ಮುತ್ತು, ನಿಜವಾಗಿ ನಡೆದುಹೋಗುತ್ತದೆ. ಎಚ್ಚರಿಕೆ ಕೇಳಿಸಿಕೊಂಡವನೇ ಅದನ್ನು ಅಕ್ಷರಶಃ ನಡೆಸಿಕೊಡುತ್ತಾನೆ. ಇದನ್ನು ಮೂರನೇ ಕಾಲಮ್ಮಿನಲ್ಲಿ ನಿಮ್ಮ ಮಾತಿನಲ್ಲಿ ಬರೆಯಿರಿ.

ಕನ್ನಡದಲ್ಲಿ ಓದುವವರಿಗೆ ಇಲ್ಲಿ ಒಂದು ಅನುಕೂಲವಿದೆ, ಒಂದು ಅಪಾಯವೂ ಇದೆ. ಸಿಡಿಯುವುದೂ ಮದ್ದು, ರೋಗಕ್ಕೆ ಕೊಡುವುದೂ ಮದ್ದು, ಕೇಡಿಗೆ ಯಾರಾದರೂ ಹಾಕುವುದೂ ಮದ್ದು. 2.3ರಲ್ಲಿ ಪಾದ್ರಿ ಒಂದು ಪುಟ್ಟ ಹೂವನ್ನು ಹಿಡಿದು, ಇದರ ಎಳೆಯ ಸಿಪ್ಪೆಯೊಳಗೆ ವಿಷವೂ ಇದೆ, ವಾಸಿಮಾಡುವ ಶಕ್ತಿಯೂ ಇದೆ ಎನ್ನುವುದು, ಜೂಲಿಯೆಟ್ ಕುಡಿಯುವ ಔಷಧಿ, ರೋಮಿಯೋನ ವಿಷ ಎಲ್ಲವೂ ನಮ್ಮ ಕಿವಿಗೆ ಒಂದೇ ಪದದಲ್ಲಿ ಕೂಡಿಕೊಳ್ಳುತ್ತವೆ. ನೆನಪಿಟ್ಟುಕೊಳ್ಳಲು ಇದು ಸೊಗಸಾದ ಕೊಕ್ಕೆ. ಆದರೆ ಇಂಗ್ಲಿಷ್ ಮೂಲದಲ್ಲಿ ಇವು ಬೇರೆ ಬೇರೆ ಪದಗಳು. ನಮ್ಮ ಭಾಷೆಯ ಶ್ಲೇಷೆಯನ್ನು ಶೇಕ್ಸ್‌ಪಿಯರ್‌ನ ಲೆಕ್ಕಕ್ಕೆ ಹಾಕಿ ಬರೆದರೆ ಮಾರ್ಕ್ಸ್ ಹೋಗುತ್ತದೆ.

ಅಭ್ಯಾಸಕ್ಕೆ ಇನ್ನೆರಡು ಜಾಡು. 2.3ರ ಕೊನೆಯಲ್ಲಿ ಪಾದ್ರಿ ರೋಮಿಯೋಗೆ ನಿಧಾನ, ಓಡುವವರು ಎಡವುತ್ತಾರೆ ಎನ್ನುತ್ತಾನೆ, 5.3ರಲ್ಲಿ ಓಡೋಡಿ ಬಂದು, ಈ ರಾತ್ರಿ ನನ್ನ ಮುದಿ ಪಾದಗಳು ಎಷ್ಟು ಸಲ ಗೋರಿಗೆ ಎಡವಿದವೋ ಎನ್ನುವವನು ಅವನೇ. ಬುದ್ಧಿ ಹೇಳಿದವನ ಕಾಲಿಗೇ ಬುದ್ಧಿಮಾತು ಬಂದು ತಗಲುತ್ತದೆ. ಇನ್ನೊಂದು ಪ್ರಸ್ತದ ಮಂಚ ಮತ್ತು ಗೋರಿ: 1.5ರಲ್ಲಿ ಜೂಲಿಯೆಟ್ ರೋಮಿಯೋನ ಹೆಸರು ತಿಳಿಯುವ ಮೊದಲೇ, ಅವನಿಗೆ ಮದುವೆಯಾಗಿದ್ದರೆ ಗೋರಿಯೇ ನನಗೆ ಪ್ರಸ್ತದ ಮಂಚ ಎಂದುಬಿಡುತ್ತಾಳೆ. ಅಲ್ಲಿಂದ 3.2, 3.5, 4.5 ಹಿಡಿದು ಗೋರಿಯವರೆಗೆ ನೀವೇ ನಡೆದು ನೋಡಿ.

## ಹಂತ 5: ‘ಯಾರಿಗೆ ಗೊತ್ತು’ ಎಂಬ ಲೆಕ್ಕ

ಪ್ರಶ್ನೆಯಲ್ಲಿ ‘ಗುಟ್ಟಿನ’ ಎಂಬ ಪದವಿದೆ. ಉತ್ತರದಲ್ಲಿ ಅದಕ್ಕೆ ಕೆಲಸ ಕೊಡದವರೇ ಹೆಚ್ಚು. ಮದುವೆ ಗೊತ್ತಿರುವವರ ಹೆಸರು ಒಂದು ಕಡೆ ಬರೆಯಿರಿ: ರೋಮಿಯೋ, ಜೂಲಿಯೆಟ್, ಪಾದ್ರಿ, ದಾದಿ. ಗೊತ್ತಿಲ್ಲದವರು ಇನ್ನೊಂದು ಕಡೆ: ಮರ್ಕ್ಯುಶಿಯೋ, ಬೆನ್ವೋಲಿಯೋ, ಟಿಬಾಲ್ಟ್, ಪ್ಯಾರಿಸ್, ಎರಡೂ ಮನೆಯ ಹಿರಿಯರು. ಈಗ ಗೊತ್ತಿಲ್ಲದವರು ಒಬ್ಬೊಬ್ಬರಾಗಿ ಏನು ಮಾಡುತ್ತಾರೆ ನೋಡಿ.

3.1ರಲ್ಲಿ ಟಿಬಾಲ್ಟ್ ಬೈದು ಕೆಣಕಿದಾಗ ರೋಮಿಯೋ ಕತ್ತಿ ತೆಗೆಯುವುದಿಲ್ಲ. ನೀನು ಊಹಿಸಲಾರದಷ್ಟು ನಿನ್ನನ್ನು ಪ್ರೀತಿಸುತ್ತೇನೆ, ಕಾರಣ ಮುಂದೆ ತಿಳಿಯುತ್ತದೆ, ಕ್ಯಾಪುಲೆಟ್ ಎಂಬ ಹೆಸರು ನನ್ನ ಹೆಸರಿನಷ್ಟೇ ನನಗೆ ಪ್ರಿಯ ಎನ್ನುತ್ತಾನೆ. ಮದುವೆ ಗೊತ್ತಿರುವ ನಮಗೆ ಇದು ಹೊಸ ಅಳಿಯನ ಮಾತು. ಗೊತ್ತಿಲ್ಲದ ಮರ್ಕ್ಯುಶಿಯೋಗೆ ಇದು ಹೇಡಿತನ. ಅವನು ಕತ್ತಿ ಹಿರಿಯುತ್ತಾನೆ, ನಡುವೆ ಬಂದ ರೋಮಿಯೋನ ತೋಳಿನ ಅಡಿಯಿಂದ ಇರಿಸಿಕೊಂಡು ಸಾಯುತ್ತಾನೆ. ಒಂದೇ ವಾಕ್ಯ ಬಾಯಿಬಿಟ್ಟು ಹೇಳಬಹುದಾಗಿದ್ದರೆ ಈ ಜಗಳ ನಿಲ್ಲುವ ಸಂಭವವಾದರೂ ಇತ್ತು.

3.4ರಲ್ಲಿ ಕ್ಯಾಪುಲೆಟ್ ಆಗಲೇ ಮದುವೆಯಾದ ಮಗಳಿಗೆ ಗುರುವಾರದ ಮುಹೂರ್ತ ಇಡುತ್ತಾನೆ, 4.2ರಲ್ಲಿ ಅದನ್ನೂ ಒಂದು ದಿನ ಮುಂಚೆ ಎಳೆಯುತ್ತಾನೆ. 4.1ರಲ್ಲಿ ಪ್ಯಾರಿಸ್, ಮದುವೆ ಮಾಡಿಸಿದ ಪಾದ್ರಿಯ ಕಣ್ಣೆದುರಲ್ಲೇ ಜೂಲಿಯೆಟ್‌ಳನ್ನು ನನ್ನ ಹೆಂಡತಿ ಎಂದು ಕರೆಯುತ್ತಾನೆ. 5.3ರಲ್ಲಿ ಅವನೇ ರೋಮಿಯೋನನ್ನು ಗೋರಿ ಕೆಡಿಸಲು ಬಂದ ಶತ್ರುವೆಂದು ತಿಳಿದು ತಡೆದು ಸಾಯುತ್ತಾನೆ.

ಈ ಲೆಕ್ಕ ಹಾಕಿದ ಮೇಲೆ ನಿಮಗೆ ಒಂದು ಭೇದ ಕಾಣಬೇಕು: ಶಕುನ ಬೇರೆ, ಕಾರಣ ಬೇರೆ. ಪಾದ್ರಿಯ ಮದ್ದಿನ ಮಾತು ಶಕುನ. ಗುಟ್ಟು ಕಾರಣ. 2.6ರ ದೃಶ್ಯ ಎರಡನ್ನೂ ಒಟ್ಟಿಗೆ ಬಿತ್ತುತ್ತದೆ. ಬರೀ ಶಕುನ ಬರೆದರೆ ನಾಟಕ ಹಣೆಬರಹದ ಕಥೆಯಾಗುತ್ತದೆ. ಬರೀ ಕಾರಣ ಬರೆದರೆ ಮುನ್ಸೂಚನೆಯ ಪ್ರಶ್ನೆಗೆ ಉತ್ತರವೇ ಆಗುವುದಿಲ್ಲ.

## ಹಂತ 6: ಸೋಸಿ ತೆಗೆಯಿರಿ

ಈಗ ನಿಮ್ಮ ಹಾಳೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಸಾಲುಗಳಿರುತ್ತವೆ. ಪ್ರತಿ ಸಾಲಿಗೂ ಕೇಳಿ: ಇದರ ಎರಡನೇ ಜಾಗವನ್ನು ಅಂಕ, ದೃಶ್ಯ ಸಹಿತ ತೋರಿಸಬಲ್ಲೆನೇ? ಅಲ್ಲಿ ಅದೇ ಪದ, ಅದೇ ವಸ್ತು ಅಥವಾ ಅದೇ ಸನ್ನಿವೇಶ ಮರಳಿ ಬರುತ್ತದೆಯೇ? ಆಡಿದವರಿಗೆ ಅದರ ಪೂರ್ತಿ ಅರ್ಥ ಗೊತ್ತಿತ್ತೇ? ಮೊದಲೆರಡಕ್ಕೆ ಹೌದು ಎನ್ನಲಾಗದಿದ್ದರೆ ಸಾಲು ಹೊಡೆದುಹಾಕಿ. ಮೂರನೆಯದು ತೆಗೆಯಲಿಕ್ಕಲ್ಲ, ವಿವರಿಸಲಿಕ್ಕೆ. 1.4ರಲ್ಲಿ ನಕ್ಷತ್ರಗಳಲ್ಲಿ ಏನೋ ತೂಗುತ್ತಿದೆ, ಈ ರಾತ್ರಿಯ ಕೂಟದಿಂದ ಶುರುವಾಗಿ ಅಕಾಲ ಸಾವಿನಲ್ಲಿ ಮುಗಿಯಬಹುದು ಎಂದು ರೋಮಿಯೋ ಅಂಜುವುದು ಅರೆತಿಳಿವು. ಜೂಲಿಯೆಟ್‌ಳ ಗೋರಿಮಂಚದ ಮಾತು ಏನೂ ತಿಳಿಯದೆ ಆಡಿದ್ದು. ಎರಡನ್ನೂ ಒಂದೇ ಗಂಟು ಕಟ್ಟಬಾರದು.

ಸೋಸುವಾಗ ಕಳೆದುಕೊಳ್ಳಬಾರದ ಒಂದು ಸಾಲಿದೆ. ಕಪ್ಪು ಮಾತುಗಳನ್ನಷ್ಟೇ ಹುಡುಕುವವರಿಗೆ ಅದು ಕಾಣುವುದೇ ಇಲ್ಲ. 2.3ರಲ್ಲಿ ಪಾದ್ರಿ ಮದುವೆಗೆ ಒಪ್ಪುವುದೇ ಒಂದು ಆಸೆಯಿಂದ: ಈ ಸಂಬಂಧದಿಂದ ಎರಡು ಮನೆಗಳ ಹಗೆ ಪ್ರೀತಿಯಾಗಿ ತಿರುಗಬಹುದು. ಈ ಆಸೆ ಸುಳ್ಳಾಗುವುದಿಲ್ಲ. 5.3ರ ಕೊನೆಯಲ್ಲಿ ಕ್ಯಾಪುಲೆಟ್, ಅಣ್ಣ ಮಾಂಟೆಗ್ಯೂ, ನಿನ್ನ ಕೈ ಕೊಡು, ನನ್ನ ಮಗಳಿಗೆ ನಿಮ್ಮ ಕಡೆಯಿಂದ ಸಲ್ಲಬೇಕಾದದ್ದು ಇದೇ ಎನ್ನುತ್ತಾನೆ. ಅದು ಗಂಡಿನ ಕಡೆಯವರು ಸೊಸೆಯ ಹೆಸರಿಗೆ ಬಿಡುವ ಆಸ್ತಿಯ ಮಾತು, ಮದುವೆ ಮಾತುಕತೆಯಲ್ಲಿ ಆಡುವಂಥದ್ದು. ಮಾಂಟೆಗ್ಯೂ ಜೂಲಿಯೆಟ್‌ಳ ಚಿನ್ನದ ಪ್ರತಿಮೆ ಮಾಡಿಸುವೆನೆನ್ನುತ್ತಾನೆ. ಸೋಮವಾರ ಮಧ್ಯಾಹ್ನವೇ ಬೀಗರಾಗಿದ್ದವರು ಅದನ್ನು ತಿಳಿಯುವುದು ಗುರುವಾರ ಬೆಳಿಗ್ಗೆ, ಮಕ್ಕಳ ಹೆಣಗಳೆದುರು. ಮದುವೆ ಮತ್ತು ಮುನ್ಸೂಚನೆ ಎರಡನ್ನೂ ಒಂದೇ ಕಡೆ ಹಿಡಿಯಲು ಇದಕ್ಕಿಂತ ಗಟ್ಟಿ ಆಧಾರ ನಾಟಕದಲ್ಲಿಲ್ಲ.

## ಹಂತ 7: ಪ್ಯಾರಾ ಕಟ್ಟುವ ಕ್ರಮ

ಹುಡುಕಿದ್ದು ಕೊನೆಯಿಂದ, ಬರೆಯುವುದು ಮೊದಲಿಂದ. ಒಂದು ಪ್ಯಾರಾಕ್ಕೆ ಒಂದೇ ಜಾಡು. ಮೊದಲ ಜಾಗದ ಮಾತು, ಆಡಿದವರು ಮತ್ತು ಸಂದರ್ಭ; ನಡುವೆ ಮಾತು ಹೇಗೆ ಬದಲಾಯಿತು; ಎರಡನೇ ಜಾಗ; ಗುಟ್ಟಿಗೂ ಇದಕ್ಕೂ ಏನು ನಂಟು. ಉದಾಹರಣೆಗೆ ಎರಡು ಪ್ಯಾರಾ ಕೊಡುತ್ತೇನೆ.

ಸೋಲುವ ಬಗೆ: ‘ಪಾದ್ರಿಯು ಉಗ್ರ ಸುಖಗಳಿಗೆ ಉಗ್ರ ಕೊನೆ ಎನ್ನುತ್ತಾನೆ. ಇದು ಪ್ರೇಮಿಗಳ ಸಾವನ್ನು ಮುಂಚಿತವಾಗಿ ಸೂಚಿಸುತ್ತದೆ. ಹೀಗೆ ನಾಟಕಕಾರನು ಮುನ್ಸೂಚನೆಯನ್ನು ಸುಂದರವಾಗಿ ಬಳಸಿದ್ದಾನೆ.’

ನಿಲ್ಲುವ ಬಗೆ: ‘ಮದುವೆಗೆ ಕೆಲವೇ ಕ್ಷಣ ಮೊದಲು ಪಾದ್ರಿ ಪ್ರೀತಿಯನ್ನು ಮುತ್ತಿಟ್ಟೊಡನೆ ಉರಿದುಹೋಗುವ ಬೆಂಕಿ ಮತ್ತು ಮದ್ದಿಗೆ ಹೋಲಿಸುತ್ತಾನೆ (2.6). ಎಚ್ಚರಿಕೆ ಕೊಟ್ಟ ಮೇಲೂ ಮದುವೆಯನ್ನು ಅವನು ತಡೆಯುವುದಿಲ್ಲ, ಅವಸರ ಕಂಡೇ ಗುಟ್ಟಾಗಿ ಮುಗಿಸುತ್ತಾನೆ. ಮದ್ದಿನ ಹೋಲಿಕೆ ಮುಂದೆ ರೋಮಿಯೋನ ಬಾಯಲ್ಲೇ ವಿಷ ಕೊಳ್ಳುವಾಗ ಮರಳುತ್ತದೆ (5.1), ಮುತ್ತು ಗೋರಿಯಲ್ಲಿ (5.3). ಜೂಲಿಯೆಟ್ ನಿಜವಾಗಿ ಸತ್ತಿಲ್ಲವೆಂದು ಗುಟ್ಟಾಗಿ ತಿಳಿಸಲು ಪಾದ್ರಿ ಬರೆದ ಪತ್ರ, ಅದನ್ನು ಒಯ್ಯುವವನಿದ್ದ ಮನೆಯ ಬಾಗಿಲಿಗೆ ಪ್ಲೇಗಿನ ಭಯಕ್ಕೆ ಮುದ್ರೆ ಬಿದ್ದು ತಲುಪದೆ ಹೋದದ್ದರಿಂದಲೇ ರೋಮಿಯೋ ವಿಷ ಕೊಳ್ಳುವಂತಾಯಿತು.’

ಎರಡನೆಯದರಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ. ಬೇಕಾಗಿಯೂ ಇಲ್ಲ. ಇಂಥ ಮೂರು ಪ್ಯಾರಾ ಸಾಕು: ಒಂದು ಮದ್ದಿಗೆ, ಒಂದು 3.1ರ ಬೀದಿಗೆ, ಒಂದು ಬೀಗರ ಕೈಗೆ.

## ದಾರಿ ತಪ್ಪಿದ್ದನ್ನು ತೋರಿಸುವ ಗುರುತುಗಳು

ಬರೆದು ಮುಗಿಸಿದ ಮೇಲೆ, ಕೊಡುವ ಮೊದಲು ಹೀಗೆ ನೋಡಿ.

- ‘ಆಮೇಲೆ’, ‘ನಂತರ’, ‘ಅಷ್ಟರಲ್ಲಿ’ ಒಂದೇ ಪುಟದಲ್ಲಿ ನಾಲ್ಕೈದು ಸಲ ಬಂದಿದ್ದರೆ ನೀವು ಕಥೆ ಹೇಳುತ್ತಿದ್ದೀರಿ.
- ‘ಇದು ಮುನ್ಸೂಚನೆ’ ಎಂಬ ವಾಕ್ಯದ ನಂತರ ಪೂರ್ಣವಿರಾಮ ಬಿದ್ದು ಹೊಸ ವಿಷಯ ಶುರುವಾಗಿದ್ದರೆ ಎರಡನೇ ಜಾಗ ಬಿಟ್ಟುಹೋಗಿದೆ.
- ‘ವಿಧಿ’, ‘ಹಣೆಬರಹ’ ಪದಗಳು ಗುಟ್ಟಿಗಿಂತ ಹೆಚ್ಚು ಸಲ ಬಂದಿದ್ದರೆ ಹಂತ 5ಕ್ಕೆ ವಾಪಸ್ ಹೋಗಿ.
- ಉತ್ತರದಿಂದ 2.6 ಅನ್ನು ತೆಗೆದುಹಾಕಿದರೂ ಅದು ಹಾಗೇ ನಿಲ್ಲುತ್ತದೆಯಾದರೆ, ನೀವು ಬರೆದದ್ದು ಬೇರೆ ಪ್ರಶ್ನೆಗೆ.
- ಮರ್ಕ್ಯುಶಿಯೋನ ಹೆಸರೇ ಇಲ್ಲದಿದ್ದರೆ ಮದುವೆಯ ಮೊದಲ ಬೆಲೆ ತೆತ್ತವನನ್ನೇ ಮರೆತಿದ್ದೀರಿ.

ಪರೀಕ್ಷೆಯ ಹಾಲಿನಲ್ಲಿ ಪುಸ್ತಕ ಇರುವುದಿಲ್ಲ. ಆದ್ದರಿಂದ ಉದ್ದ ಸಾಲುಗಳನ್ನು ಉರು ಹೊಡೆಯುವುದು ಬಿಟ್ಟು, ಮೂರು ಜಾಡುಗಳ ಎರಡೆರಡು ಪದಗಳನ್ನು ಮೂಲದ ಇಂಗ್ಲಿಷಿನಲ್ಲಿ, ಅಂಕ ದೃಶ್ಯ ಸಮೇತ ಒಂದು ಚೀಟಿಯಲ್ಲಿ ಬರೆದು ಬಾಯಿಪಾಠ ಮಾಡಿ. ಹಿಂದಿನ ರಾತ್ರಿ 2.6 ಮತ್ತು 3.1 ಎರಡನ್ನೇ, ನಡುವೆ ಎಲ್ಲೂ ನಿಲ್ಲದೆ, ಒಂದರ ಬೆನ್ನಿಗೆ ಒಂದು ಜೋರಾಗಿ ಓದಿಕೊಳ್ಳಿ. ಪಾದ್ರಿ ಇಬ್ಬರನ್ನು ಒಳಗೆ ಕರೆದೊಯ್ದ ಮಾತಿನ ಮುಂದಿನ ಉಸಿರಿಗೇ ಬೆನ್ವೋಲಿಯೋ ಬಿಸಿಲಿನ ಮಾತು ತೆಗೆಯುವುದು ಕಿವಿಗೆ ಬೀಳಬೇಕು.